ಐವತ್ತರ ತನಕ

ಗುಳಿಗೆ ಇನ್ನೂ ಅಂಗೈಯಲ್ಲೇ ಇತ್ತು. ಬಚ್ಚಲಮನೆಯ ಕನ್ನಡಿಯಲ್ಲಿ ಭೀಮೇಶ ತನ್ನ ಎಡಗಣ್ಣನ್ನು ನೋಡುತ್ತಿದ್ದ. ರೆಪ್ಪೆ ಅರ್ಧಕ್ಕೆ ಇಳಿದಿತ್ತು, ಊಟಕ್ಕೆ ಹೋಗುವ ಅಂಗಡಿಕಾರ ಅರ್ಧ ಎಳೆದಿಟ್ಟು ಹೋದ ಶಟರಿನ ಹಾಗೆ. ಬೆಳಗಿನ ಏಳು ಗಂಟೆಗೇ ಇಷ್ಟಾದರೆ ಸಂಜೆಗೆ ಏನು ಗತಿ ಎಂದುಕೊಂಡ. ನಿನ್ನೆ ಇಳಿದಿರಲಿಲ್ಲ. ಇಳಿದಿರಲಿಲ್ಲವೋ, ತಾನು ನೋಡಿಕೊಂಡಿರಲಿಲ್ಲವೋ? ನೋಡಿಕೊಂಡಿದ್ದರೂ ಅದು ಗುಳಿಗೆ ನುಂಗುವ ಮೊದಲೋ, ಆಮೇಲೋ? ಮೂರು ತಿಂಗಳಿಂದ ಹೀಗೇ ಆಗಿತ್ತು, ತನ್ನ ಮೈಯ ಒಂದು ಸಂಗತಿಯೂ ಅವನಿಗೆ ನೆಟ್ಟಗೆ ಗೊತ್ತಾಗುತ್ತಿರಲಿಲ್ಲ.

"ಗುಳಗಿ ತಗೊಂಡಿಲ್ಲಲ್ರಿ?" ಹೊರಗಿನಿಂದ ಮೇಘಾ ಕೇಳಿದಳು. "ಇವತ್ತ ಕಡೀ ಪರೀಕ್ಷಾ ಐತಿ. ಮುಗಿಯೂತನಕ ತಗೋಬಾರ್ದಂತ ಬರದಾರ ನೋಡ್ರಿ ಚೀಟಿಯೊಳಗ."

"ತಗೊಂಡಿಲ್ಲ ಬಿಡ," ಎಂದ.

ಹೇಳುವಾಗ ಅದು ಸುಳ್ಳಾಗಿರಲಿಲ್ಲ. ಗುಳಿಗೆ ಅಂಗೈಯಲ್ಲಿತ್ತು. ಸುಳ್ಳಾದದ್ದು ಆಮೇಲೆ, ನಲ್ಲಿಯ ಒಂದು ಗುಟುಕು ನೀರಿನೊಂದಿಗೆ. ಹೆಂಡತಿಗೆ ಸುಳ್ಳು ಹೇಳಿದೆನೋ, ನಿಜ ಹೇಳಿ ಆಮೇಲೆ ಅದನ್ನು ಕೆಡಿಸಿದೆನೋ ಎಂದು ಭೀಮೇಶ ಟವಲಿನಿಂದ ಮುಖ ಒರೆಸಿಕೊಳ್ಳುತ್ತ ಯೋಚಿಸಿದ. ಪ್ರತಿ ಭಾನುವಾರ ಓಣಿಯ ಬುದ್ಧವಿಹಾರದಲ್ಲಿ ಐದು ಶೀಲಗಳನ್ನು ಎಲ್ಲರಿಗೂ ಹೇಳಿಕೊಡುವವನು ಅವನೇ. ನಾಲ್ಕನೆಯದು ಸುಳ್ಳು ಹೇಳುವುದಿಲ್ಲ ಎಂಬುದು, ಐದನೆಯದು ಕುಡಿಯುವುದಿಲ್ಲ ಎಂಬುದು. ಮಂದಿ ಅವನ ಮೇಲೆ ಹೊರಿಸಿದ್ದು ಐದನೆಯದನ್ನು, ಅವನು ಮುರಿಯುತ್ತ ಬಂದದ್ದು ನಾಲ್ಕನೆಯದನ್ನು. ಹೀಗೆ ಅಂದುಕೊಂಡಾಗ ಅವನಿಗೆ ನಗು ಬಂತು, ಕನ್ನಡಿಯಲ್ಲಿ ನೋಡಿದರೆ ನಗು ಇರಲಿಲ್ಲ. ಕೆನ್ನೆಯ ಸ್ನಾಯು ಏಳದೆ, ಮೇಲಿನ ತುಟಿ ಮಾತ್ರ ಸರಿದು, ಯಾರನ್ನೋ ಕಚ್ಚಲು ಹೊರಟ ನಾಯಿಯ ಮುಖ ಕಂಡಿತು. ಈ ರೋಗದಲ್ಲಿ ನಗು ಹೀಗೇ ಆಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಸಾಲೆಯ ಹುಡುಗರಿಗೆ ಅದನ್ನು ಯಾರು ಹೇಳಬೇಕು? ಅವರು ಪಿ.ಟಿ. ಸರ್ ಯಾವಾಗಲೂ ಸಿಟ್ಟಿನಲ್ಲಿರುತ್ತಾರೆ ಎಂದೇ ತಿಳಿದಿದ್ದರು.

ಮೂಡಲಗಿಯಿಂದ ಗೋಕಾಕಕ್ಕೆ ಹೊರಟ ಬಸ್ಸಿನಲ್ಲಿ ಕಿಟಕಿಯ ಬದಿಗೆ ಸೀಟು ಸಿಕ್ಕಿತು. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ರಸ್ತೆಯ ತುಂಬ ಹೊರಟಿದ್ದವು, ಬಸ್ಸು ಅವುಗಳ ಹಿಂದೆ ತೆವಳುತ್ತಿತ್ತು. ಇಪ್ಪತ್ತು ನಿಮಿಷದಲ್ಲಿ ಗುಳಿಗೆ ತನ್ನ ಕೆಲಸ ಶುರು ಮಾಡಿದ್ದು ಅವನಿಗೆ ತಿಳಿಯಿತು. ರೆಪ್ಪೆ ಹಗುರಾಯಿತು, ಎರಡಾಗಿ ಕಾಣುತ್ತಿದ್ದ ಕಂಡಕ್ಟರ್ ಒಬ್ಬನೇ ಆದ. ಮೂರು ತಾಸು, ಬಹಳವೆಂದರೆ ನಾಲ್ಕು ತಾಸು. ಹನ್ನೊಂದರೊಳಗೆ ತನ್ನ ಪಾಳಿ ಬಂದರೆ ಬಚಾವು. ಬಚಾವೇ? ಯಾವುದರಿಂದ? ಮೂರು ವರ್ಷದ ಹಿಂದಿನ ಆಗಸ್ಟ್ ಹದಿನೈದರಂದು ಧ್ವಜದ ಕಟ್ಟೆಯ ಮುಂದೆ ಮುನ್ನೂರು ಮಕ್ಕಳನ್ನು ನಿಲ್ಲಿಸಿ ಅವನು ಕವಾಯತಿನ ಎಣಿಕೆ ಹೇಳುತ್ತಿದ್ದ. ಒಂದು, ಎರಡು, ಮೂರು, ನಾಕು. ಎಷ್ಟನೆಯ ಸುತ್ತಿನಲ್ಲೋ ನಾಲಿಗೆ ದಪ್ಪಗಾಯಿತು, ಮಾತು ಮೂಗಿನಿಂದ ಬರತೊಡಗಿತು, ಎರಡೂ ರೆಪ್ಪೆ ಇಳಿದವು. ಮಕ್ಕಳು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಸಾಲೆಯ ಕಮಿಟಿಯ ಅಧ್ಯಕ್ಷ ಲಗಮಪ್ಪ ಕುರ್ಚಿಯಿಂದ ಎದ್ದು ಬಂದು ಅವನ ಮುಖಕ್ಕೆ ಮುಖ ತಂದು ಮೆಲ್ಲಗೆ, "ಸರ, ಸ್ವಲ್ಪ ಉಸರ ಬಿಡ್ರಿ ನೋಡೂಣು," ಅಂದಿದ್ದ. ಲಗಮಪ್ಪನ ಮನೆಯಲ್ಲಿ ಭೀಮೇಶನಿಗೆ ಚಹಾ ಬರುತ್ತಿದ್ದದ್ದು ಕಾಗದದ ಕಪ್ಪಿನಲ್ಲಿ, ಉಳಿದ ಮಾಸ್ತರರಿಗೆ ಪಿಂಗಾಣಿಯದರಲ್ಲಿ. ಆ ಮನುಷ್ಯ ಅವನ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು, ಬಂದದ್ದು ಬಾಯಿ ಮೂಸಿ ನೋಡಲು. ಭೀಮೇಶ ಉಸಿರು ಬಿಟ್ಟಿದ್ದ. ಅದೇ ಅವನಿಗೆ ಇಂದಿಗೂ ಅರ್ಥವಾಗದ ಸಂಗತಿ. ಬಿಡುವುದಿಲ್ಲ ಅನ್ನಬಹುದಿತ್ತು. ಮುನ್ನೂರು ಮಕ್ಕಳ ಮುಂದೆ, ಡಾಕ್ಟರು ಹೇಳಿದಾಗ ಹುಡುಗರು ಮಾಡುವ ಹಾಗೆ, ಹಾ ಎಂದು ಬಾಯಿ ತೆರೆದು ಉಸಿರು ಬಿಟ್ಟಿದ್ದ.

ಆರು ತಿಂಗಳ ಮೇಲೆ ಬೆಳಗಾವಿಯಲ್ಲಿ ರೋಗದ ಹೆಸರು ಗೊತ್ತಾದಾಗ ಅವನು ಮೊದಲು ಮಾಡಿದ ಕೆಲಸ ಡಾಕ್ಟರು ಬರೆದುಕೊಟ್ಟ ಕಾಗದವನ್ನು ಲಗಮಪ್ಪನಿಗೆ ತೋರಿಸಿದ್ದು. ಲಗಮಪ್ಪ ಅದನ್ನು ತಲೆಕೆಳಗಾಗಿ ಹಿಡಿದು ನೋಡಿ, "ಹೌದ್ರಿ ಸರ, ಡಾಕ್ಟರ್ ಮಂದಿ ಬರದ್ದ ಮ್ಯಾಲೆ ಇರಬೇಕ ಬಿಡ್ರಿ," ಅಂದ. ಆ 'ಬಿಡ್ರಿ' ಭೀಮೇಶನ ಎದೆಯಲ್ಲಿ ಕೂತುಬಿಟ್ಟಿತು. ಬೆಳಿಗ್ಗೆ ಚೆನ್ನಾಗಿ ನಡೆದಾಡಿ ಸಂಜೆಗೆ ತೊದಲುವ ರೋಗವನ್ನು ಯಾರು ನಂಬುತ್ತಾರೆ? ನಾಟಕ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಅಂದದ್ದು ಅವನ ಕಿವಿಗೆ ಬಿದ್ದಿತ್ತು. ಕಿವಿ ಮಾತ್ರ ಅವನಿಗೆ ಚೆನ್ನಾಗಿಯೇ ಇತ್ತು.

ಆಮೇಲೆ ಈ ಪ್ರಯೋಗ. ಬೆಳಗಾವಿಯ ದೊಡ್ಡ ಡಾಕ್ಟರು ಕುರ್ಚಿ ಎಳೆದುಕೊಂಡು ಕುಳಿತು ಬಿಡಿಸಿ ಹೇಳಿದ್ದರು. ನರ ಹೇಳಿದ್ದು ಸ್ನಾಯುವಿಗೆ ಮುಟ್ಟುತ್ತಿಲ್ಲ, ಯಾಕೆಂದರೆ ಮೈ ಕಾಯಬೇಕಾದ ರಕ್ತದ ಕಣಗಳೇ ದಾರಿ ಕಟ್ಟಿ ನಿಂತಿವೆ. ಅವುಗಳನ್ನು ಗುರುತು ಹಿಡಿದು ಹೊಡೆಯಲು ಇವನವೇ ಬೇರೆ ಕಣಗಳನ್ನು ತೆಗೆದು, ದೂರದ ಲ್ಯಾಬಿಗೆ ಕಳಿಸಿ, ಅಲ್ಲಿ ಅವುಗಳಿಗೆ ಕಲಿಸಿ, ತಿರುಗಿ ಇವನ ರಕ್ತಕ್ಕೇ ಬಿಡುವುದು. "ಒಂದು ಥರಾ ತರಬೇತಿ ಅನ್ನಿ ಮಾಸ್ತರೇ," ಎಂದು ನಕ್ಕಿದ್ದರು. ಭೀಮೇಶನಿಗೆ ಅಲ್ಲೇ ಅನುಮಾನ ಬಂದಿತ್ತು. ಇಪ್ಪತ್ತು ವರ್ಷದಲ್ಲಿ ಅವನು ಎಷ್ಟು ತರಬೇತಿಗೆ ಹೋಗಿರಲಿಲ್ಲ? ಎರಡು ದಿನ ಉಪ್ಪಿಟ್ಟು ತಿಂದು, ಪ್ರಮಾಣಪತ್ರ ಹಿಡಿದುಕೊಂಡು ಬಂದು ಮರುದಿನ ಮೊದಲಿನ ಹಾಗೆಯೇ ಪೀಪಿ ಊದುತ್ತಿದ್ದ. ಕಣಗಳೇನು ಬೇರೆಯೇ? ಆದರೂ ಒಂದು ಕೈಯಿಂದ ರಕ್ತ ಹೊರಗೆ ಹೋಗಿ ಯಂತ್ರ ಸುತ್ತಿ ಇನ್ನೊಂದು ಕೈಗೆ ಬರುವುದನ್ನು ನಾಲ್ಕು ತಾಸು ಮಲಗಿ ನೋಡಿದ್ದ. ತಿಂಗಳು ಬಿಟ್ಟು, ವಾರಕ್ಕೊಂದರಂತೆ ಆರು ಚೀಲ ಅವನ ನರಕ್ಕೆ ಹರಿದವು. ಆರೂ ಚೀಲಗಳಿಗೆ ಕಪ್ಪು ಹೊದಿಕೆ ಇತ್ತು. ಅರ್ಧ ಮಂದಿಗೆ ತರಬೇತಿಯಾದ ಕಣ, ಅರ್ಧ ಮಂದಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂಬುದು ಕಂಪ್ಯೂಟರಿಗೆ ಬಿಟ್ಟು ಡಾಕ್ಟರಿಗೂ ತಿಳಿಯದು. ಮೂರು ತಿಂಗಳ ಕೊನೆಯ ಪರೀಕ್ಷೆಯಲ್ಲಿ ಗುಣ ಕಾಣದವರಿಗೆ ಎರಡನೆಯ ಸುತ್ತಿನಲ್ಲಿ ಹೊದಿಕೆಯಿಲ್ಲದೆ ನಿಜವಾದ ಕಣವನ್ನೇ ಕೊಡುತ್ತಾರೆ. ಗುಣ ಕಂಡವರಿಗೆ ಅದು ಇಲ್ಲ.

ಲೋಳಸೂರ ಸೇತುವೆ ಬಂತು. ಕೆಳಗೆ ಘಟಪ್ರಭೆ ಕಬ್ಬಿಣದ ಬಣ್ಣಕ್ಕೆ ತಿರುಗಿ ಸುಮ್ಮನೆ ಹರಿಯುತ್ತಿತ್ತು. ತಿಂಗಳ ತಿಂಗಳ ಪರೀಕ್ಷೆ ಗೋಕಾಕದ ಆಸ್ಪತ್ರೆಯಲ್ಲೇ ಆಗುತ್ತಿತ್ತು. ಮೊದಲ ತಿಂಗಳ ಪರೀಕ್ಷೆಯ ದಿನ ಇದೇ ಸೇತುವೆಯ ಮೇಲೆ ಅಲ್ಲಿಂದ ನರ್ಸ್ ಅನುರಾಧಾಳ ಫೋನು ಬಂದಿತ್ತು. ಬೆಂಗಳೂರಿನಿಂದ ಇಬ್ಬರು ಸಾಹೇಬರು ಬಂದಿದ್ದಾರೆ, ಬೇಗ ಬರ್ರಿ ಸರ್ ಎಂದು. ಸಾಹೇಬರು ಎಂದ ಕೂಡಲೇ ಭೀಮೇಶನ ಕೈ ತಾನಾಗಿಯೇ ಜೇಬಿಗೆ ಹೋಗಿತ್ತು. ಸಾಲೆಗೆ ಸಾಹೇಬರು ಬರುವ ದಿನ ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಡೆದ ಕಿಟಕಿಗೆ ನಕಾಶೆ ತೂಗುಹಾಕಬೇಕು, ಜಾಣರನ್ನು ಮುಂದಿನ ಸಾಲಿಗೆ ತರಬೇಕು, ಕಾಲೆಳೆದು ನಡೆಯುವ ಫಕೀರವ್ವನಂಥ ಹುಡುಗಿಯನ್ನು ಕವಾಯತಿನ ಹೊತ್ತಿಗೆ ಒಳಗೆ ಕೂರಿಸಬೇಕು. "ನಾ ಚಲೋ ಮಾಡ್ತೇನ್ರಿ ಸರ್, ನಿನ್ನೆ ಮಾಡೇನಲ್ರಿ," ಎಂದು ಹೋದ ಸಲ ಸಾಹೇಬರು ಬಂದಾಗ ಅವಳು ಬಾಗಿಲಲ್ಲಿ ನಿಂತು ಎರಡು ಸಲ ಹೇಳಿದ್ದಳು. ಭೀಮೇಶ ಅವಳ ಕೈಗೆ ಹಾಜರಿ ಪುಸ್ತಕ ಕೊಟ್ಟು, ಇದನ್ನು ಕಾಯಿ, ಇದು ದೊಡ್ಡ ಕೆಲಸ ಅಂದಿದ್ದ. ಅವಳು ನಂಬಿದಳೋ ಇಲ್ಲವೋ, ಕೂತು ಕಾಯ್ದಳು. ಅದೇ ಕೈ ಅವತ್ತು ಬಸ್ಸಿನಲ್ಲಿ ಗುಳಿಗೆಯ ಹಾಳೆ ಹರಿದು ಒಂದನ್ನು ಬಾಯಿಗೆ ಹಾಕಿತು. ಇಷ್ಟು ದೊಡ್ಡ ಮಂದಿ, ಅಷ್ಟು ದೂರದಿಂದ ಬಂದು, ತಾನು ಹದಿನೆಂಟಕ್ಕೇ ತೊದಲಿದರೆ ಡಾಕ್ಟರರ ಮಾನ ಏನಾಗಬೇಡ? ಒಂದರಿಂದ ಐವತ್ತರ ತನಕ ಜೋರಾಗಿ ಎಣಿಸುವುದು ಪರೀಕ್ಷೆಯ ಒಂದು ಭಾಗ. ಚೀಲ ಏರಿಸುವ ಮೊದಲು ಅವನು ಹದಿನೆಂಟಕ್ಕೆ ನಿಂತಿದ್ದ. ಅವತ್ತು ಐವತ್ತು ಮುಟ್ಟಿದ. ಸಾಹೇಬರು ಚಪ್ಪಾಳೆ ತಟ್ಟಿದರು, ಅವರ ಜೊತೆ ಬಂದಿದ್ದ ಡಾಕ್ಟರು ಬೆನ್ನು ತಟ್ಟಿದರು. ಎರಡನೆಯ ತಿಂಗಳು ಯಾರೂ ಬಂದಿರಲಿಲ್ಲ, ಆದರೂ ನುಂಗಿದ. ಐವತ್ತು ಮುಟ್ಟಿದವನು ಮುಂದಿನ ತಿಂಗಳು ಇಪ್ಪತ್ತಕ್ಕೆ ನಿಂತರೆ ಕಾರಣ ಕೇಳುವುದಿಲ್ಲವೇ?

ಅದೊಂದೇ ಆಗಿದ್ದರೆ ಒಪ್ಪಿಕೊಂಡು ಹಗುರಾಗಬಹುದಿತ್ತು. ಅದರ ಕೆಳಗೆ ಇನ್ನೊಂದು ಭಯ ಇತ್ತು, ಅದನ್ನು ಅವನು ಮೇಘಾಳಿಗೂ ಹೇಳಿರಲಿಲ್ಲ. ಗುಳಿಗೆ ಇಲ್ಲದೆಯೂ ಐವತ್ತು ಮುಟ್ಟಿದರೆ? ಮುಟ್ಟಿ, ಕೊನೆಗೆ ಹೊದಿಕೆ ತೆಗೆದಾಗ ಆರೂ ಚೀಲದಲ್ಲಿ ಉಪ್ಪುನೀರೇ ಇತ್ತೆಂದು ಗೊತ್ತಾದರೆ? ಉಪ್ಪುನೀರಿಗೆ ಹೋಗುವ ರೋಗ ರೋಗವೇ ಅಲ್ಲ ಎಂದು ಲಗಮಪ್ಪ ಅನ್ನುವುದಿಲ್ಲವೇ? ಅನ್ನಬೇಕಾಗಿಯೂ ಇಲ್ಲ, ಬಿಡ್ರಿ ಅಂದರೆ ಸಾಕು. ಗುಳಿಗೆ ನುಂಗಿದ್ದರೆ ಆ ಮಾತೇ ಏಳುವುದಿಲ್ಲ, ಏನೂ ಗೊತ್ತಾಗದೆ ಉಳಿಯುತ್ತದೆ. ಆದರೆ ಏನೂ ಗೊತ್ತಾಗದೆ ಉಳಿದರೆ ನಿಜವಾದ ಕಣವೂ ಸಿಗುವುದಿಲ್ಲ, ಹೀಗೇ ದಿನಕ್ಕೆ ಮೂರು ಗುಳಿಗೆಯ ಮೇಲೆ ಇನ್ನೆಷ್ಟು ವರ್ಷ ನಾಟಕ ನಡೆಸುವುದು? ಯೋಚನೆ ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಂತಿತು. ಗೋಕಾಕದ ಬಸ್ ನಿಲ್ದಾಣವೂ ಬಂತು.

ಆಸ್ಪತ್ರೆಯ ಮೇಲಿನ ಮಹಡಿಯ ಬೆಂಚಿನಲ್ಲಿ ಆಗಲೇ ಸತ್ತೆವ್ವ ಕೂತಿದ್ದಳು. ಘೋಡಗೇರಿಯ ಒಕ್ಕಲುತನದ ಹೆಂಗಸು, ಇದೇ ರೋಗ, ಇದೇ ಪ್ರಯೋಗ. ಬೆಳಗಾವಿಯಲ್ಲಿ ಆರು ವಾರ ಇಬ್ಬರಿಗೂ ಒಂದೇ ದಿನ ಚೀಲ ಏರಿಸುತ್ತಿದ್ದರು. ಅವಳ ಬಲಗೈ ಗದ್ದವನ್ನು ಕೆಳಗಿನಿಂದ ಎತ್ತಿ ಹಿಡಿದಿತ್ತು, ಹಿಡಿಯದಿದ್ದರೆ ಬಾಯಿ ತೆರೆದುಕೊಳ್ಳುತ್ತದೆ. ಬಲಗಣ್ಣಿನ ರೆಪ್ಪೆಯನ್ನು ಗಾಯಕ್ಕೆ ಹಚ್ಚುವ ಪಟ್ಟಿಯಿಂದ ಹುಬ್ಬಿಗೆ ಅಂಟಿಸಿಕೊಂಡಿದ್ದಳು. ಭೀಮೇಶನನ್ನು ಕಂಡು ಪಟ್ಟಿಯನ್ನು ಕಿತ್ತಳು, ರೆಪ್ಪೆ ದಪ್ಪನೆ ಬಿತ್ತು.

"ಯಾಕ ಕಿತ್ತಿರಿ, ಅವ್ವಾರ?"

"ಇನ್ನ ನನ್ನ ಪಾಳಿನ ಬಂತಲ್ರಿ ಸರ. ನರ್ಸ್ ಬಾಯಾರ ಮುಂದ ಅದನ್ನ ಹಚ್ಕೊಂಡ ಹೋದ್ರ ಹೆಂಗ ಕಾಣತೈತಿ?"

"ಮತ್ತ ಒಳಗ ಏನಂತೀರಿ?"

"ಏನಂತಾರು, ಆರಾಮ ಇದ್ದೇನ್ರಿ ಅಂತೇನಿ." ಮಾತು ಮೂಗಿನಿಂದ, ತುಂಡು ತುಂಡಾಗಿ ಬರುತ್ತಿತ್ತು. "ಪ್ರತೀ ಸಲ ಹಂಗ ಅಂದೇನಿ. ಆ ಬಾಯಾರು ಹುಕ್ಕೇರಿ ಹುಡಿಗಿ, ನನ್ನ ತಂಗಿ ಮಗಳ ವಾರಿಗಿ, ಅಷ್ಟ ವಯಸ್ಸು. ಎಷ್ಟ ಪ್ರೀತಿಲೆ ಕೇಳತೈತಿ. ನುಂಗಾಕ ತ್ರಾಸ ಆಕ್ಕೈತೇನು, ಉಸರಾಡಾಕ ತ್ರಾಸ ಆಕ್ಕೈತೇನು ಅಂತ. ಇಷ್ಟೆಲ್ಲಾ ಮಾಡಿದ ಮಂದಿಗಿ ಆರಾಮ ಇಲ್ಲ ಅಂತ ಹೆಂಗ ಅನ್ನೂದ್ರಿ? ಅವರ ಮನಸ್ಸಿಗಿ ಹತ್ತೂದಿಲ್ಲೇನು?"

ಭೀಮೇಶನಿಗೆ ಸಿಟ್ಟು ಬಂತು. ನಿಜವಾದ ಸಿಟ್ಟು, ತರಗತಿಯಲ್ಲಿ ಬರುವಂಥದು. ಅದು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಹಾಯೆನಿಸಿತು. "ಅದೇನ್ ಬೀಗರ ಮನಿ ಏನ್ರಿ ಅವ್ವಾರ, ಉಪಚಾರ ಮಾಡಾಕ? ನೀವು ಆರಾಮ ಅಂದ್ರ ಅವರು ಆರಾಮ ಅಂತ ಬರಕೋತಾರ. ಬರಕೊಂಡ ಮ್ಯಾಲೆ ಖರೆ ಔಷಧ ನಿಮಗ ಕೊಡೂದಿಲ್ಲ. ನಿಮಗಷ್ಟ ಅಲ್ಲ, ನಾಳೆ ಇದ ಜಡ್ಡ ಬಂದವ್ರಿಗೂ ತಪ್ಪ ಲೆಕ್ಕಾ ಹೋಗತೈತಿ. ಏನ ಐತಿ ಅದನ್ನ ಹೇಳ್ರಿ. ಖರೇದಕ್ಕ ಯಾಕ ನಾಚ್ಕೋಬೇಕು?"

ಸತ್ತೆವ್ವ ಒಂದೇ ತೆರೆದ ಕಣ್ಣಿನಿಂದ ಅವನನ್ನು ಬಹಳ ಹೊತ್ತು ನೋಡಿದಳು. "ಸಾಲಿ ಕಲತವ್ರು ನೀವು," ಎಂದಳು. "ನಿಮ್ಮ ಮಾತ ಕೇಳ್ತೇನಿ." ಅವಳ ಹೆಸರು ಕರೆದರು. ಗದ್ದ ಹಿಡಿದುಕೊಂಡೇ ಎದ್ದು ಹೋದಳು. ಭೀಮೇಶ ಗೋಡೆಯ ಗಡಿಯಾರ ನೋಡಿದ. ಹತ್ತೂ ನಲವತ್ತು. ಬೆವರು ಬಂದಿತ್ತು, ಅದು ಗುಳಿಗೆಯದೂ ಇರಬಹುದು. ಒಳಗೆ ಅವಳು ನಿಜ ಹೇಳಿದರೆ ತಾನು ಹೇಳಿದ್ದರಿಂದ ಹೇಳಿದ ಹಾಗಾಯಿತು. ಸುಳ್ಳು ನುಂಗಿ ಬಂದವನ ಬಾಯಿಂದ ಹೊರಟ ನಿಜ ಅದು. ಹಾಗಿದ್ದರೆ ಅದು ನಿಜವೋ ಅಲ್ಲವೋ? ಅರ್ಧ ತಾಸಿನ ಮೇಲೆ ಬಾಗಿಲು ತೆರೆಯಿತು. ಸತ್ತೆವ್ವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಮುಖದಲ್ಲಿ ಮಾತ್ರ ಅಳುವಿನ ಗುರುತಿರಲಿಲ್ಲ.

"ಹೇಳಿದ್ನಿ, ಸರ. ಆರಾಮ ಇಲ್ಲವ್ವಾ ಅಂದ್ನಿ. ಹದಿಮೂರಕ್ಕ ನಿಂತ್ನಿ." ಅವಳು ಬೆಂಚಿನ ಮೇಲೆ ಕುಸಿದು ಕುಳಿತಳು. "ಆ ಹುಡಿಗಿ ಬೇಜಾರ ಮಾಡ್ಕೊಳ್ಳಿಲ್ಲ. ನನ್ನ ಕೈ ಹಿಡಕೊಂತು."

ಒಳಗೆ ಅನುರಾಧಾ ಹೊಸ ಹಾಳೆ ತೆಗೆದಿದ್ದಳು. ಮೇಲಿನ ಸಾಲಿನಿಂದಲೇ ಶುರು ಮಾಡಿದಳು. "ನಿನ್ನೆ ರಾತ್ರಿ ಹತ್ತರ ಮ್ಯಾಲೆ ಗುಳಗಿ ತಗೊಂಡೀರೇನ್ರಿ ಸರ್?" ತಲೆ ಎತ್ತದೆ ಕೇಳಿದಳು, ಇಲ್ಲ ಎಂಬುದರ ಮುಂದಿನ ಚೌಕದಲ್ಲಿ ಪೆನ್ನು ಆಗಲೇ ಕಾಯುತ್ತಿತ್ತು. "ಇಲ್ರಿ," ಎಂದ. ಗೆರೆ ಬಿತ್ತು. ಕೈ ಚಾಚಿ ಹಿಡಿಸಿದಳು, ಮಲಗಿಸಿ ತಲೆ ಎತ್ತಿಸಿದಳು, ಬಲಕ್ಕೆ ನೋಡಿಸಿದಳು. ಎಲ್ಲ ಸುಮಾರಾಗಿ ನಡೆಯಿತು. ಮೊದಲಿನಷ್ಟು ಚೆನ್ನಾಗಿ ಅಲ್ಲ, ತೀರ ಕೆಟ್ಟದ್ದೂ ಅಲ್ಲ. ಹನ್ನೊಂದೂವರೆ ಆಗಿತ್ತು. ಗುಳಿಗೆ ಇಳಿಯುವ ಹೊತ್ತೋ, ಇನ್ನೂ ಇದೆಯೋ, ಅದು ಇಳಿದ ಮೇಲೂ ನಿಂತಿರುವುದು ಕಣಗಳ ಬಲವೋ, ತನ್ನ ಹಟವೋ ಎಂದು ಭೀಮೇಶ ಒಳಗೊಳಗೇ ಹುಡುಕುತ್ತಿದ್ದ. "ಎಣಸ್ರಿ ಸರ್," ಎಂದಳು.

ಒಂದು, ಎರಡು, ಮೂರು. ದನಿ ಮೈದಾನಕ್ಕೆ ಸಾಲುವಷ್ಟಿತ್ತು. ಹದಿನೆಂಟು ದಾಟಿತು, ಇಪ್ಪತ್ತು ದಾಟಿತು. ಸತ್ತೆವ್ವ ಹದಿಮೂರಕ್ಕೆ ನಿಂತು ಎದ್ದು ಹೋದ ಕುರ್ಚಿಯಲ್ಲೇ ತಾನು ಕೂತಿದ್ದೇನೆ ಎಂಬುದು ಇಪ್ಪತ್ತೈದರ ಹತ್ತಿರ ನೆನಪಾಯಿತು. ಹೀಗೇ ಐವತ್ತು ಮುಟ್ಟಿದರೆ ಎಲ್ಲ ಮುಗಿಯಿತು. ಹಾಳೆಯಲ್ಲಿ ಗುಣವಾದವನು, ಮನೆಯಲ್ಲಿ ಗುಳಿಗೆ ಎಣಿಸುವವನು. ಇಪ್ಪತ್ತೇಳಕ್ಕೆ ಅವನು ನಾಲಿಗೆಯನ್ನು ಸಡಿಲ ಬಿಟ್ಟ. ಬೇಕೆಂದೇ ಬಿಟ್ಟ. ಮೂರು ವರ್ಷ ನಿಜವಾಗಿ ತೊದಲಿದವನಿಗೆ ತೊದಲುವುದನ್ನು ಯಾರು ಕಲಿಸಬೇಕು? ಇಪ್ಪತ್ತೆಂಟು ಮೂಗಿನಿಂದ ಬಂತು, ಇಪ್ಪತ್ತೊಂಬತ್ತರ ಅರ್ಧ ಗಾಳಿಯಾಗಿ ಹೋಯಿತು. ಅನುರಾಧಾ ಪೆನ್ನು ಹಿಡಿದ ಕೈ ಮುಂದೆ ಚಾಚಿ, ಮೆಲ್ಲಗೆ ಮೆಲ್ಲಗೆ ಎನ್ನುವಂತೆ ಅವನನ್ನು ನೋಡಿದಳು. ಆ ನೋಟ ಅವನಿಗೆ ತಡೆಯಲಾಗಲಿಲ್ಲ. ಸ್ಟಾಫ್ ರೂಮಿನವರು ಅಂದದ್ದನ್ನು ಇವತ್ತು ಹಗಲು ಹೊತ್ತಿನಲ್ಲಿ, ಕುರ್ಚಿಯಲ್ಲಿ ಕೂತು, ನಿಜ ಮಾಡುತ್ತಿದ್ದೇನೆ ಅನ್ನಿಸಿ ಮೂವತ್ತೆರಡನ್ನು ಸ್ವಚ್ಛವಾಗಿ ಹೇಳಬೇಕೆಂದು ನಾಲಿಗೆಯನ್ನು ಬಿಗಿಹಿಡಿದ. ನಾಲಿಗೆ ಬರಲಿಲ್ಲ. ಮೂವತ್ತಮೂರಕ್ಕೆ ಮತ್ತೆ ಎಳೆದ. ತುಟಿ ಕೂಡಲಿಲ್ಲ, ಮೂಗಿನಲ್ಲಿ ಗಾಳಿ ಸೋರಿತು. ಮೂವತ್ತನಾಲ್ಕಕ್ಕೆ ನಿಂತುಬಿಟ್ಟ.

"ಇರ್ಲಿ ಬಿಡ್ರಿ ಸರ್," ಅನುರಾಧಾ ಬರೆದುಕೊಳ್ಳುತ್ತ ಹೇಳಿದಳು. "ಹೋದ ತಿಂಗಳಕಿಂತ ಕಡಿಮಿ ಆತು. ಗಾಬರಿ ಆಗಬ್ಯಾಡ್ರಿ."

"ಬರೀಬ್ಯಾಡ್ರಿ," ಎಂದ ಭೀಮೇಶ. ಸ್ವಲ್ಪ ಸುಧಾರಿಸಿಕೊಂಡ. "ಗುಳಗಿ ತಗೊಂಡೇನಿ. ಇವತ್ತ ಮುಂಜಾನಿ. ಹಿಂದಿನ ಎರಡೂ ಸಲ ತಗೊಂಡಿದ್ನಿ."

ಅವಳು ಪೆನ್ನು ಕೆಳಗಿಟ್ಟಳು. "ಹಂಗಾರ ಆ ಐವತ್ತು?"

"ಗುಳಗೀದು. ಪೂರಾ ಗುಳಗೀದ ಅಂತೂ ಗೊತ್ತಿಲ್ರಿ."

"ಈಗ ಮೂವತ್ತನಾಕಕ್ಕ ನಿಂತ್ರಲ್ಲ?"

"ಇಪ್ಪತ್ತೇಳಕ್ಕ ಬೇಕಂತ ಕೆಡಿಸಿದ್ನಿ. ಮೂವತ್ತೆರಡರ ಮ್ಯಾಲೆ ನಾ ಏನೂ ಮಾಡಿಲ್ಲ." ಹೇಳುತ್ತಿದ್ದಂತೆ ಅದು ಎಷ್ಟು ಹುಚ್ಚುಮಾತಾಗಿ ಕೇಳುತ್ತದೆಂದು ಅವನಿಗೆ ಗೊತ್ತಾಯಿತು. "ಖರೆ ಹೇಳಾಕತ್ತೇನ್ರಿ."

"ಯಾಕ್ರಿ ಸರ್?" ಅವಳ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಅಳು ಇತ್ತು. "ಆರಾಮ ಇದ್ದವ್ರು ಜಡ್ಡಿನ ಸೋಗ ಹಾಕೂದ ನೋಡೇನಿ. ಜಡ್ಡ ಇದ್ದವ್ರು ಆರಾಮದ ಸೋಗ ಹಾಕ್ತಾರೇನ್ರಿ? ಈ ಹಾಳಿ ಮ್ಯಾಲೆಲ್ಲಾ ನನ್ನ ಸಹಿ ಐತಿ. ನಾ ಏನಂತ ಹೇಳ್ಲಿ ಬೆಳಗಾವಿಗಿ?"

"ಅವತ್ತ ಸಾಹೇಬ್ರು ಬಂದಿದ್ರಲ್ರಿ," ಎಂದ ಭೀಮೇಶ.

ಅವಳು ಹೊರಗೆ ಹೋಗಿ ಫೋನು ಮಾಡಿ ಬಂದಳು. ಸಂಜೆ ಐದರ ತನಕ ಗುಳಿಗೆ ಇಲ್ಲದೆ ಕೂರಬೇಕು, ಆಗ ಮತ್ತೆ ಎಣಿಸಬೇಕು, ನಡೆದದ್ದನ್ನೆಲ್ಲ ನಡೆದ ಹಾಗೆ ಬರೆಯಬೇಕು. ಹಿಂದಿನ ಎರಡು ಹಾಳೆ ರದ್ದು. ಎರಡನೆಯ ಸುತ್ತಿಗೆ ಅವನನ್ನು ತೆಗೆದುಕೊಳ್ಳುವುದೋ, ಪ್ರಯೋಗದಿಂದಲೇ ಬಿಡುವುದೋ, ಅದನ್ನು ಮೇಲಿನ ಕಮಿಟಿ ನೋಡುತ್ತದೆ. "ಬಿಡಬಹುದ್ರಿ ಸರ್," ಎಂದಳು ಅವನ ಮುಖ ನೋಡದೆ. "ಡಾಕ್ಟರ್ ಹಂಗ ಅಂದ್ರು." ಭೀಮೇಶ ತಲೆಯಾಡಿಸಿದ. ಎರಡನೆಯ ಸುತ್ತಿನ ನಿಜವಾದ ಕಣಗಳೂ ಕೈತಪ್ಪಿದ ಹಾಗೇ.

ಮಧ್ಯಾಹ್ನಕ್ಕೆ ರೆಪ್ಪೆ ಇಳಿಯಿತು. ಎದುರಿನ ಬಾಗಿಲು ಎರಡಾಯಿತು. ಸತ್ತೆವ್ವನ ಬಸ್ಸು ಐದೂವರೆಗೆ, ಅವಳೂ ಕೂತಿದ್ದಳು. ಡಬ್ಬಿ ತೆರೆದು ಜೋಳದ ರೊಟ್ಟಿಯನ್ನು ಸಣ್ಣಗೆ ಮುರಿದು ಮೊಸರಿನಲ್ಲಿ ನೆನೆಹಾಕಿದಳು, ಇದ್ದ ಹಾಗೆ ಅಗಿಯಲು ಇಬ್ಬರಿಗೂ ಆಗುವುದಿಲ್ಲ. ಡಬ್ಬಿಯನ್ನು ಇಬ್ಬರ ನಡುವೆ ಬೆಂಚಿನ ಮೇಲಿಟ್ಟು, "ಉಣ್ರಿ. ಯಾರ ಪೈಕಿ ನೀವು?" ಎಂದು ಕೇಳಿದಳು. ಭೀಮೇಶನ ಕೈ ಡಬ್ಬಿಯ ಅಂಚಿನಲ್ಲಿ ನಿಂತಿತು. ಇದೊಂದು ಪ್ರಶ್ನೆಗಾದರೂ ಅವನು ಎಂದೂ ಸುಳ್ಳು ಹೇಳಿದವನಲ್ಲ. ಬೌದ್ಧರು ಎಂದ, ಮೂಡಲಗಿಯಲ್ಲಿ ತಮ್ಮ ಓಣಿ ಯಾವುದೆಂದೂ ಹೇಳಿದ. ಸತ್ತೆವ್ವ ಬೆರಳಿನಿಂದ ರೊಟ್ಟಿಯ ಚೂರುಗಳನ್ನು ಮೊಸರಿನಲ್ಲಿ ಅದ್ದಿದಳು. ಏನು ಯೋಚಿಸಿದಳೋ ತಿಳಿಯಲಿಲ್ಲ, ಇಂಥ ಮುಖಗಳ ಮೇಲೆ ಯಾವುದೂ ತಿಳಿಯುವುದಿಲ್ಲ. "ಇನ್ನ ಸ್ವಲ್ಪ ನೆನೀಲಿ ತಡೀರಿ," ಎಂದಳು. "ಗಂಟಲಾಗ ಸಿಕ್ಕೀತು." ನೆನೆದ ಮೇಲೆ ಇಬ್ಬರೂ ಅದೇ ಡಬ್ಬಿಯಿಂದ ತಿಂದರು. ಒಂದು ಕೈ ಗದ್ದಕ್ಕೆ, ಒಂದು ಕೈ ರೊಟ್ಟಿಗೆ.

"ನಾನೂ ಸುಳ್ಳ ಹೇಳಿದ್ನಿ, ಅವ್ವಾರ," ಎಂದ. "ಮುಂಜಾನಿ ನಿಮಗ ಬುದ್ಧಿ ಹೇಳಿದ್ನಲ್ಲ, ಆವಾಗೂ ಗುಳಗಿ ನುಂಗಿ ಬಂದಿದ್ನಿ." ಮಾತು ಆಗಲೇ ಕಲಸುಮೇಲೋಗರವಾಗಿತ್ತು.

"ಗೊತ್ತಾತ ಬಿಡ್ರಿ," ಎಂದಳು ಸತ್ತೆವ್ವ. "ಜಡ್ಡ ಇರೂ ಮನಶ್ಯಾಗ ಅಷ್ಟ ಉದ್ದ ಮಾತಾಡಾಕ ಆಕ್ಕೈತೇನು?" ಅವಳ ಆ 'ಬಿಡ್ರಿ' ಅವನಿಗೆ ಎಲ್ಲೂ ಚುಚ್ಚಲಿಲ್ಲ. ಯಾಕೆಂದು ಹುಡುಕುತ್ತ ಕೂತ. ಐದಾಯಿತು.

ಅನುರಾಧಾ ಕಿಟಕಿಯ ಪರದೆ ಸರಿಸಿ ಬೆಳಕು ಮಾಡಿದಳು. ಎದುರು ಕುರ್ಚಿ ಹಾಕಿಕೊಂಡು, ಅವನ ದನಿ ಕೇಳಿಸಬೇಕೆಂದು ಹತ್ತಿರ ಸರಿದಳು. "ಮೊದಲ ಪೂರಾ ಉಸರ ಬಿಡ್ರಿ ಸರ್," ಎಂದಳು. ಮತ್ತದೇ ಮಾತು. ಧ್ವಜದ ಕಟ್ಟೆ, ಲಗಮಪ್ಪನ ಅಗಲವಾದ ಮೂಗು, ಎರಡನೆಯ ಸಾಲಿನಲ್ಲಿ ಕಣ್ಣು ಕೆಳಗೆ ಮಾಡಿದ ಫಕೀರವ್ವ. ಭೀಮೇಶ ಉಸಿರು ಬಿಟ್ಟ. ಎಳೆದುಕೊಂಡು ಶುರು ಮಾಡಿದ. ಹತ್ತರ ತನಕ ಬಂತು. ಹದಿಮೂರು ಬಂತು, ಅದು ಸತ್ತೆವ್ವನದು. ಹದಿನೆಂಟು ಬಂತು, ಅದು ಅವನದೇ ಹಳೆಯದು. ಅಲ್ಲಿಂದಾಚೆ ಅವನಿಗೆ ಗೊತ್ತಿದ್ದ ಊರಲ್ಲ. ಹತ್ತೊಂಬತ್ತು ಮೂಗಿನಿಂದ ಬಂತು. ಇಪ್ಪತ್ತಕ್ಕೆ ತುಟಿ ಕೂಡಲಿಲ್ಲ, ಆದರೂ ಇಪ್ಪತ್ತೆಂದು ತಿಳಿಯುವ ಹಾಗೆ ಬಂತು. ಇಪ್ಪತ್ತೊಂದು, ಇಪ್ಪತ್ತೆರಡು. ಇಪ್ಪತ್ತಮೂರರ ಕೊನೆಗೆ ದನಿ ನಿಂತಿತು. ಅವನು ನಿಲ್ಲಿಸಲಿಲ್ಲ. ಅವನು ಎಳೆದ, ಇನ್ನೂ ಎಳೆದ. ಅಲ್ಲಿ ಏನೂ ಇರಲಿಲ್ಲ.

"ಇಪ್ಪತ್ತಮೂರು," ಎಂದು ಅನುರಾಧಾ ಬರೆದಳು. "ಮೊದಲಿನಕಿಂತ ಐದ ಹೆಚ್ಚಾತ್ರಿ ಸರ್." ಆ ಐದು ಕಣದ್ದೋ, ಉಪ್ಪುನೀರಿನದೋ, ಮೊಸರು ರೊಟ್ಟಿಯದೋ ಅವಳಿಗೂ ಗೊತ್ತಿರಲಿಲ್ಲ, ಇನ್ನು ಯಾರಿಗೂ ಗೊತ್ತಾಗಲಾರದು. ಆದರೆ ಇಪ್ಪತ್ತನಾಲ್ಕು ಬರಲಿಲ್ಲ ಎಂಬುದು ಗೊತ್ತಿತ್ತು. ಅದನ್ನು ಯಾರೂ ಬೇಕೆಂದು ಮಾಡಿರಲಿಲ್ಲ. ಒಬ್ಬಳು ಎದುರು ಕೂತು ಅದನ್ನು ಕಂಡು, ಬರೆದು, ಸಹಿ ಹಾಕುತ್ತಿದ್ದಳು. ಮೂರು ವರ್ಷದಿಂದ ಎದೆಯಲ್ಲಿ ಕೂತಿದ್ದ ಲಗಮಪ್ಪ ಎದ್ದು ಹೊರಟ ಹಾಗಾಗಿ ಭೀಮೇಶನಿಗೆ ಸಂತೋಷವಾಯಿತು, ಎಂಥ ಸಂತೋಷವೆಂದರೆ ಕಣ್ಣು ತುಂಬಿ ಬಂದು ಅವನು ನಕ್ಕ.

ಅನುರಾಧಾ ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದಳು. "ಸಿಟ್ಟ ಆಗಬ್ಯಾಡ್ರಿ ಸರ್. ನಾ ಇದ್ದದ್ದನ್ನ ಬರದೇನಿ."

ನಗುತ್ತಿದ್ದೇನೆ ಎಂದು ಹೇಳಹೊರಟ. ಮೂಗಿನಿಂದ ಒಂದು ಗೊರಗೊರ ಸದ್ದು ಬಂತು, ಅಷ್ಟೇ. ಮತ್ತೊಮ್ಮೆ ಹೇಳಿದ, ಅದು ಇನ್ನೂ ಕೆಟ್ಟದಾಗಿ ಬಂತು. ಅವಳು ಗಾಬರಿಯಿಂದ ಹಾಳೆಯ ಕೊನೆಯ ಷರಾದ ಜಾಗದಲ್ಲಿ, ರೋಗಿಗೆ ಬೇಸರವಾಗಿದೆ, ಎಂದು ಬರೆದಳು. ಭೀಮೇಶ ಕೈ ಚಾಚಿ ಪೆನ್ನು ಕೇಳಿದ. ಎಡಗೈಯಿಂದ ಬಲಗೈಯ ಮಣಿಕಟ್ಟು ಎತ್ತಿ ಹಿಡಿದು ಅವಳ ಸಾಲಿಗೆ ಅಡ್ಡಗೆರೆ ಎಳೆದ. ಅದರ ಕೆಳಗೆ, ಕಪ್ಪು ಹಲಗೆಯ ಮೇಲೆ ಬರೆಯುವ ದುಂಡನೆಯ ಅಕ್ಷರಗಳಲ್ಲಿ, ನಗುತ್ತಿದ್ದೇನೆ, ಎಂದು ಬರೆದ. ಅನುರಾಧಾ ಅದನ್ನು ಓದಿದಳು. ಓದಿ ತಲೆ ಎತ್ತಿ ಅವನ ಮುಖ ನೋಡಿದಳು. ಮುಖ ಹಲ್ಲು ಕಿರಿದುಕೊಂಡು, ಕಚ್ಚಲು ಬಂದ ಹಾಗೆಯೇ ಇತ್ತು. ಅವಳು ಇನ್ನೊಮ್ಮೆ ಹಾಳೆ ನೋಡಿದಳು, ಇನ್ನೊಮ್ಮೆ ಮುಖ ನೋಡಿದಳು, ಆಮೇಲೆ ಅವನ ಸಾಲಿನ ಪಕ್ಕದಲ್ಲಿ ತನ್ನ ಸಹಿ ಹಾಕಿದಳು.